ಟಾಪ್ ಮಾಡೆಲ್ ಹಾಕಿದ ಬ್ರೇಕು

ಕಾರಿನ ಶೋರೂಮಿನಲ್ಲಿ ಕ್ಲಚ್ ಮೇಷ್ಟ್ರು ಮೊದಲು ಜಗಳ ತೆಗೆದದ್ದೇ ಬೆಲೆಪಟ್ಟಿಯ ವಿಷಯಕ್ಕೆ.

"ಏನಮ್ಮಾ ಇದು, ಬೇಸ್ ಮಾಡೆಲ್ಲೇ ಹಾಕಿಲ್ಲ? ಮಿಡ್ಲ್ ಇದೆ, ಟಾಪ್ ಇದೆ. ಅಗ್ಗದ್ದೊಂದು ಇದೆ ಅಂತ ಗಿರಾಕಿಗೆ ಗೊತ್ತಾದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಮಾರಾಟದ ಹೆಂಗಸಿಗೆ ಇಂಥವರನ್ನು ನೋಡಿ ಅಭ್ಯಾಸ. ನಲವತ್ತು ದಾಟಿದವಳು, ದಿನವಿಡೀ ನಿಂತೇ ಮಾತಾಡುವವಳು. ಹಾಳೆಯ ಎಡ ಅಂಚಿಗೆ ಬೆರಳಿಟ್ಟಳು. "ಇಲ್ಲಿದೆ ನೋಡಿ ಸರ್. ಮೊದಲನೇ ಕಾಲಂ."

ಮೇಷ್ಟ್ರು ಕತ್ತು ಹೊರಳಿಸಿದರು. ಇತ್ತು. "ಇಷ್ಟು ಮೂಲೇಲಿ ತುರುಕಿದ್ರೆ ಯಾರಿಗೆ ಕಾಣುತ್ತೆ?" ಎಂದು ಗೊಣಗಿದರು. ಅಳಿಯ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕ. ಮಗಳು ನಗಲಿಲ್ಲ. ಮೂರು ಕಾಲಮ್ಮುಗಳದ್ದೂ ಒಂದೇ ಅಳತೆ, ಒಂದೇ ಅಕ್ಷರ. ಅಪ್ಪನಿಗೆ ಕನ್ನಡಕ ಬದಲಾಯಿಸುವ ಹೊತ್ತು ಬಂದಿರಬೇಕು ಅಂದುಕೊಂಡು ಸುಮ್ಮನಾದಳು.

ಮೂವತ್ತೊಂದು ವರ್ಷ ಡ್ರೈವಿಂಗ್ ಕಲಿಸಿದ ಮನುಷ್ಯ ಅವರು. ಇದ್ದದ್ದು ಒಂದೇ ಬಿಳೀ ಕಾರು, ಅದರ ನೆತ್ತಿಯ ಮೇಲೊಂದು ತಗಡಿನ ಬೋರ್ಡು, ಎಡಗಡೆ ಸೀಟಿನ ಮುಂದೆ ಕಲಿಸುವವರಿಗೆಂದು ಇನ್ನೊಂದು ಜೊತೆ ಪೆಡಲು. ಊರಿನ ಅರ್ಧ ಜನ ಅವರ ಪಕ್ಕದಲ್ಲಿ ಕೂತು ಬೆವತವರೇ. ಗೇರು ಬದಲಾಯಿಸುವಾಗ ಯಾರಾದರೂ ತಡವರಿಸಿದರೆ ಸಾಕು, "ಕ್ಲಚ್! ಕ್ಲಚ್!" ಎಂದು ಕಿರುಚುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಹೆಂಡತಿ ಮನೆಯಲ್ಲೇ ಹಳೇ ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು ಅಂತ ಹೊಲಿಗೆ ಮೆಷಿನ್ನು ತುಳಿಯುತ್ತಿದ್ದಳು. "ನಮ್ಮನೇಲಿ ಇಬ್ಬರದೂ ಕಾಲಲ್ಲೇ ದುಡಿಮೆ" ಅನ್ನುವುದು ಮೇಷ್ಟ್ರ ಹಳೇ ಜೋಕು.

ಈಗ ಅರವತ್ತೆರಡಾಗಿತ್ತು. ಕಲಿಸುವುದು ಸಾಕು ಅಂತ ತೀರ್ಮಾನ ಮಾಡಿದ್ದರು. ಮಗಳು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ಅಳಿಯ ಕೋಲ್ಡ್ ಸ್ಟೋರೇಜಿನಲ್ಲಿ ಪಾಳಿ ಮೇಲ್ವಿಚಾರಕ. ಎರಡೂವರೆ ವರ್ಷದ ಮೊಮ್ಮಗಳನ್ನು ಸ್ಕೂಟರಿನಲ್ಲಿ ಇಬ್ಬರ ನಡುವೆ ಅವುಚಿಕೊಂಡು ಓಡಾಡುತ್ತಿದ್ದರು. ಮೇಷ್ಟ್ರು ಒಂದು ಮಾತು ಮುಂದಿಟ್ಟರು: ತಮ್ಮ ಹಳೇ ಗಾಡಿಯನ್ನು ಎಕ್ಸ್‌ಚೇಂಜಿಗೆ ಹಾಕುವುದು, ಜಪಾನಿನವರ ಪುಟ್ಟ ಕಾರೊಂದನ್ನು ಮಗಳ ಹೆಸರಿಗೆ ತೆಗೆಯುವುದು, ಮೊಮ್ಮಗಳನ್ನು ಶಿಶುವಿಹಾರಕ್ಕೆ ಬಿಟ್ಟು ಕರೆದುಕೊಂಡು ಬರುವ ಕೆಲಸ ತಮ್ಮದು. "ಸಂಬಳ ಇಲ್ಲದ ಡ್ರೈವರ್ ಸಿಗ್ತಿದ್ದಾನೆ, ಬಿಡಬೇಡಿ" ಎಂದಿದ್ದರು.

ಹಾಗಾಗಿ ಯಾವ ಕಾರು ಅನ್ನುವುದರಲ್ಲಿ ಜಗಳವಿರಲಿಲ್ಲ. ಯಾವ ಮಾಡೆಲ್ ಅನ್ನುವುದರಲ್ಲಿತ್ತು.

"ಬೇಸ್ ಸಾಕು," ಎಂದರು ಮೇಷ್ಟ್ರು. "ಎಂಜಿನ್ ಮೂರಕ್ಕೂ ಒಂದೇ. ಚಕ್ರ ನಾಲ್ಕೇ. ಉಳಿದದ್ದೆಲ್ಲ ಬಳೆ, ಓಲೆ."

"ಮಾವ, ಟಾಪ್‌ನಲ್ಲಿ ಆರು ಏರ್‌ಬ್ಯಾಗ್ ಇದೆ," ಎಂದ ಅಳಿಯ. "ಪಕ್ಕದಲ್ಲಿ ಯಾರಾದ್ರೂ ಬಂದ್ರೆ ಕನ್ನಡಿಯಲ್ಲಿ ದೀಪ ಹತ್ತುತ್ತೆ. ಎದುರಿಗೆ ಯಾರಾದ್ರೂ ಅಡ್ಡ ಬಂದ್ರೆ ಗಾಡೀನೇ ಬ್ರೇಕ್ ಹಾಕುತ್ತೆ."

"ಗಾಡೀನೇ ಬ್ರೇಕ್ ಹಾಕಿದ್ರೆ ನಾನು ಕಾಲು ಯಾಕಿಟ್ಕೊಂಡಿರ್ಲಿ? ಕತ್ತರಿಸಿ ಮನೇಲಿಟ್ಟು ಬರ್ಲಾ?"

"ಅಪ್ಪಾ!" ಎಂದಳು ಮಗಳು. ಅವಳ ಮನಸ್ಸು ಮಿಡ್ಲ್ ಕಡೆಗಿತ್ತು. ಹಿಂದೆ ನೋಡುವ ಕ್ಯಾಮೆರಾ ಇದ್ದರೆ ಸಾಕು, ಮಗು ಗಾಡಿಯ ಹಿಂದೆ ಆಡುತ್ತಿದ್ದರೆ ಗೊತ್ತಾಗುತ್ತದೆ ಅನ್ನುವುದು ಅವಳ ಲೆಕ್ಕ.

ಅಷ್ಟರಲ್ಲಿ ಹಳೇ ಗಾಡಿ ನೋಡಲು ಹೋಗಿದ್ದ ತಪಾಸಣೆಯವನು ಒಳಗೆ ಬಂದ. ಸಣಕಲು ಮನುಷ್ಯ, ಕೈಯಲ್ಲೊಂದು ಟಾರ್ಚು, ಕಾರಿನ ಚಿತ್ರ ಬರೆದ ಹಾಳೆ. ಗಾಯವಿದ್ದ ಕಡೆಯಲ್ಲೆಲ್ಲ ಕೆಂಪು ಪೆನ್ನಿನಿಂದ ಗೀಟು ಹಾಕಿದ್ದ.

"ಎಂಜಿನ್ ಚೆನ್ನಾಗಿಟ್ಟಿದ್ದೀರಿ ಸರ್. ಆದ್ರೆ ಎಡಗಡೆ ಪೂರ್ತಿ ಹೋಗಿದೆ. ಬಂಪರ್ ಮೂಲೆ, ಮುಂದಿನ ಬಾಗಿಲು, ಹಿಂದಿನ ಬಾಗಿಲು, ಒಟ್ಟು ಏಳು ಕಡೆ. ಕನ್ನಡಿ ಹೊಸದು ಹಾಕ್ಸಿದ್ದೀರಿ."

"ಕಲಿಯೋರ ಗಾಡಿ ಕಣಪ್ಪ. ಗಾಯ ಇಲ್ದೆ ಇರುತ್ತಾ?"

"ಅದೇ ಸರ್, ಕಲಿಯೋರು ಎರಡೂ ಕಡೆ ಗುದ್ತಾರೆ," ಎಂದ ಅವನು ಸಹಜವಾಗಿ. "ಇದರಲ್ಲಿ ಬಲಗಡೆ ಒಂದು ಗೀರೂ ಇಲ್ಲ. ಎಡಗಡೇದು ಎಲ್ಲಾ ಈಚೀಚಿನವು, ಇನ್ನೂ ತುಕ್ಕು ಹಿಡಿದಿಲ್ಲ."

ಮೇಷ್ಟ್ರು ರೇಗಿದರು. ಬೀದಿಯಲ್ಲಿ ಜನ ಕಂಡಕಂಡಲ್ಲಿ ಗಾಡಿ ನಿಲ್ಲಿಸುತ್ತಾರೆ, ಗೇಟಿನ ಕಂಬವನ್ನು ಪಕ್ಕದ ಮನೆಯವನು ಒಂದು ಗೇಣು ಹೊರಗೆ ತಂದಿದ್ದಾನೆ, ನಾನೇನು ಮಾಡಲಿ ಎಂದರು. ಮಾರಾಟದ ಹೆಂಗಸು ಮಾತು ತಿರುಗಿಸಿ, "ಒಂದು ಸುತ್ತು ಓಡ್ಸಿ ನೋಡಿ ಸರ್. ಟಾಪ್ ಮಾಡೆಲ್ಲೇ ಈಗ ಹೊರಗೆ ನಿಂತಿದೆ" ಎಂದಳು.

ಮೇಷ್ಟ್ರು ಸ್ಟೀರಿಂಗ್ ಹಿಡಿದರು. ಎಡಗಡೆ ಸೀಟಿನಲ್ಲಿ ಮಾರಾಟದ ಹೆಂಗಸು, ಹಿಂದೆ ಮಗಳು. ಅಳಿಯ ಶೋರೂಮಿನಲ್ಲೇ ಬಣ್ಣ ನೋಡುತ್ತ ಉಳಿದ. ಗಾಡಿ ಬೆಣ್ಣೆಯ ಹಾಗೆ ಹೊರಟಿತು. ಮೊದಲ ಬೀದಿ ದಾಟುವಷ್ಟರಲ್ಲೇ ಎಡಗಡೆ ಕನ್ನಡಿಯಲ್ಲಿ ಹಳದಿ ದೀಪ ಹತ್ತಿ ಟಿಕ್ ಟಿಕ್ ಅಂದಿತು. ಆರಿತು. ಮತ್ತೆ ಹತ್ತಿತು.

"ನೋಡಿ, ಹೊಸಾ ಗಾಡಿಗೇ ಹುಚ್ಚು ಹಿಡಿದಿದೆ," ನಕ್ಕರು ಮೇಷ್ಟ್ರು. "ಪಕ್ಕದಲ್ಲಿ ನರಪಿಳ್ಳೆ ಇಲ್ಲ."

"ಬೈಕ್ ಹೋಯ್ತಲ್ಲ ಸರ್," ಎಂದಳು ಹೆಂಗಸು.

ಹಿಂದೆ ಕೂತಿದ್ದ ಮಗಳು ಬೈಕನ್ನು ನೋಡಿದ್ದಳು. ಅದಕ್ಕೂ ಮುಂಚಿನ ವ್ಯಾನನ್ನೂ ನೋಡಿದ್ದಳು. "ಅಪ್ಪಾ, ನಿಧಾನ" ಎಂದಳು. ಡ್ರೈವಿಂಗ್ ಕಲಿಸಿದ ಅಪ್ಪನಿಗೆ ಆ ಮಾತು ಅವಳು ಹೇಳಿದ್ದು ಅದೇ ಮೊದಲು.

ಮುಂದಿನ ಅಡ್ಡರಸ್ತೆಯಲ್ಲಿ ಎಡಕ್ಕೆ ತಿರುಗಬೇಕು. ಮೇಷ್ಟ್ರು ಸಿಗ್ನಲ್ ಹಾಕಿ, ಬಲಗಡೆ ನೋಡಿ, ಎದುರಿಗೆ ನೋಡಿ, ಸ್ಟೀರಿಂಗ್ ತಿರುಗಿಸಿದರು. ಮಾರಾಟದ ಹೆಂಗಸು "ಅಯ್ಯೋ" ಎಂದು ಕೂಗಿದ್ದೂ, ಗಾಡಿ ಕಿರ್ರೆಂದು ಅರಚಿ ಬ್ರೇಕು ತಾನೇ ಕಚ್ಚಿಕೊಂಡದ್ದೂ ಒಟ್ಟಿಗೇ ಆಯಿತು. ಬೆಲ್ಟು ಎದೆಗೆ ಹೊಡೆಯಿತು. ಮೇಷ್ಟ್ರ ಕಾಲು ಇನ್ನೂ ಎಕ್ಸಲರೇಟರಿನ ಮೇಲೇ ಇತ್ತು.

"ಏನಾಯ್ತು? ಯಾಕೆ ನಿಂತಿತು? ಏನೂ ಇಲ್ವಲ್ಲ!"

"ಅಪ್ಪಾ, ಎಡಕ್ಕೆ ನೋಡು."

ಅವರು ಕತ್ತನ್ನು ಪೂರ್ತಿ ಹೊರಳಿಸಿದರು. ಬಂಪರಿನಿಂದ ಒಂದು ಗೇಣು ದೂರದಲ್ಲಿ ಮಗುವಿನ ತಳ್ಳುಗಾಡಿ. ಅದರ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಮೇಷ್ಟ್ರ ಕಣ್ಣಿಗೆ ಅವಳು ಗಾಳಿಯಿಂದ ಇಳಿದು ಬಂದ ಹಾಗಿದ್ದಳು. ಒಂದು ಕ್ಷಣದ ಹಿಂದೆ ಅಲ್ಲಿ ಖಾಲಿ ರಸ್ತೆಯಿತ್ತು. ಅವರು ಆಣೆ ಮಾಡಿ ಹೇಳಬಲ್ಲರು, ಖಾಲಿ ರಸ್ತೆಯಿತ್ತು.

ವಾಪಸು ಮಗಳೇ ಓಡಿಸಿಕೊಂಡು ಬಂದಳು. ಶೋರೂಮಿನಲ್ಲಿ ಇಳಿದ ಮೇಲೆ ಮಾರಾಟದ ಹೆಂಗಸು ನೀರು ಕುಡಿದು, ವ್ಯಾಪಾರದ ಅಭ್ಯಾಸಬಲದಿಂದಲೇ ಇರಬೇಕು, "ನೋಡಿ, ಬೇಸ್ ಆಗಿದ್ರೆ ಏನು ಗತಿ?" ಎಂದಳು. ಅಳಿಯ ವಿಷಯ ಕೇಳಿ, ಟಾಪೇ ಆಗಲಿ, ಇನ್ನು ಮಾತೇ ಬೇಡ ಎಂದ. ಮಗಳು ಅದೇ ಪಟ್ಟಿಯನ್ನು ತಂದು ಅಪ್ಪನ ಮುಂದಿಟ್ಟಳು.

"ಮೊದಲನೇ ಗೆರೆ ಓದು ಅಪ್ಪ."

"ಇಪ್ಪತ್ತು ಸಾವಿರ..." ಎಂದು ಏನೋ ಶುರು ಮಾಡಿದರು. ಅವರು ಓದುತ್ತಿದ್ದದ್ದು ಮಿಡ್ಲ್ ಮಾಡೆಲಿನ ಬೆಲೆಯ ಬಲಗಡೆಯ ಅರ್ಧವನ್ನು.

ಮಗಳು ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಮಾರನೆಯ ದಿನ ಕಣ್ಣಿನ ಡಾಕ್ಟರು ಅವರ ಗಲ್ಲವನ್ನು ಒಂದು ಬಟ್ಟಲಿನಂಥ ಯಂತ್ರದೊಳಗೆ ಇಡಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಮೇಷ್ಟ್ರು ಎಲ್ಲವನ್ನೂ ಒತ್ತಿದೆ ಅಂದುಕೊಂಡು ಹೊರಗೆ ಬಂದರು. ಅಚ್ಚಾಗಿ ಬಂದ ಚಿತ್ರದಲ್ಲಿ ಎಡಗಡೆ ಅರ್ಧ ಮಸಿ ಬಳಿದ ಹಾಗೆ ಕಪ್ಪಾಗಿತ್ತು. ಎರಡೂ ಕಣ್ಣಿನದೂ ಹಾಗೇ. ಅಲ್ಲಿಂದ ತಲೆಯ ಸ್ಕ್ಯಾನು, ಅಲ್ಲಿಂದ ಇನ್ನೊಬ್ಬ ಡಾಕ್ಟರು.

"ಕಣ್ಣು ಚೆನ್ನಾಗಿವೆ," ಎಂದರು ಆ ಡಾಕ್ಟರು. "ಮೆದುಳಿನ ಒಂದು ಭಾಗಕ್ಕೆ ರಕ್ತ ಹೋಗೋದು ನಿಂತಿದೆ. ನಿಮಗೆ ಎಡಗಡೆ ಕಾಣಲ್ಲ. ಕಾಣ್ತಿಲ್ಲ ಅನ್ನೋದೂ ಗೊತ್ತಾಗಲ್ಲ, ಯಾಕಂದ್ರೆ ಎಡಗಡೆ ಅಂತ ಒಂದಿದೆ ಅನ್ನೋದನ್ನೇ ತಲೆ ಮರೆತುಬಿಟ್ಟಿದೆ. ಕೆಲವು ತಿಂಗಳ ಹಿಂದೆ ಜೋರು ತಲೆನೋವು, ವಾಂತಿ ಏನಾದ್ರೂ ಬಂದಿತ್ತಾ?"

ಬಂದಿತ್ತು. ಐದು ತಿಂಗಳ ಹಿಂದೆ, ಮೊಮ್ಮಗಳ ಹುಟ್ಟುಹಬ್ಬದ ವಾರ. ಎರಡು ದಿನ ಮಲಗಿದ್ದರು. ಪಿತ್ತ ಅಂದುಕೊಂಡಿದ್ದರು.

"ಗಾಡಿ ಓಡಿಸ್ತೀರಾ?"

"ಕಲಿಸ್ತೀನಿ," ಎಂದರು ಮೇಷ್ಟ್ರು.

ಡಾಕ್ಟರು ಪೆನ್ನು ಕೆಳಗಿಟ್ಟು ಮಗಳ ಮುಖ ನೋಡಿದರು.

ಮನೆಗೆ ಬರುವ ಬಸ್ಸಿನಲ್ಲಿ ಮೇಷ್ಟ್ರಿಗೆ ಒಂದೊಂದೇ ನೆನಪು ಕಿತ್ತುಕೊಂಡು ಬರತೊಡಗಿತು. ಗೇಟಿನ ಕಂಬ. ಮೀನಿನ ಅಂಗಡಿಯವನ ಕಟ್ಟೆ. ಇವೆಲ್ಲ ಹೋಗಲಿ. ಇನ್ನೊಂದಿತ್ತು. ಅದನ್ನು ನೆನೆಯದಿರಲು ಅವರು ಕಿಟಕಿಯ ಹೊರಗಿನ ಅಂಗಡಿಗಳ ಬೋರ್ಡು ಓದಿದರು. ಎಲ್ಲ ಬೋರ್ಡಿನಲ್ಲೂ ಮೊದಲಿನ ಅಕ್ಷರಗಳಿರಲಿಲ್ಲ.

ಎರಡೂವರೆ ತಿಂಗಳ ಹಿಂದೆ ಅವರ ಹತ್ತಿರ ಒಬ್ಬ ನರ್ಸು ಕಲಿಯುತ್ತಿದ್ದಳು. ಡ್ಯೂಟಿಗೆ ಮುಂಚೆ, ಬೆಳಿಗ್ಗೆ ಆರಕ್ಕೆ ಮಾತ್ರ ಅವಳಿಗೆ ಪುರಸೊತ್ತು. ಒಂದು ದಿನ ಮೇಷ್ಟ್ರು ಹೊರಟದ್ದು ಹತ್ತು ನಿಮಿಷ ತಡವಾಗಿತ್ತು. ಬಣ್ಣದ ಕಾರ್ಖಾನೆಯ ಉದ್ದ ಗೋಡೆ ಇರುವ ರಸ್ತೆ; ಆಗ ಅಲ್ಲಿ ಚರಂಡಿ ಕೆಲಸ ನಡೆಯುತ್ತಿತ್ತು, ಗೋಡೆಯ ಉದ್ದಕ್ಕೂ ತಗಡಿನ ತಡಿಕೆ ಹೊಡೆದಿದ್ದರು. ಎಡಗಡೆ ಧಡ್ ಅಂತ ಒಂದು ಸದ್ದು ಬಂತು. ತಗಡು ಹೊರಗೆ ಚಾಚಿಕೊಂಡಿದೆ, ತಾಗಿತು ಅಂದುಕೊಂಡು, ಕಂಟ್ರಾಕ್ಟರನಿಗೊಂದು ಬೈಗುಳ ಬೈದು ಮುಂದೆ ಹೋದರು. ನರ್ಸಿನ ಮನೆ ಮುಂದೆ ನಿಂತಾಗ ಅವಳು, "ಸರ್, ಕನ್ನಡಿ ನೇತಾಡ್ತಿದೆ" ಎಂದಳು. ಆ ದಿನವೇ ಹೊಸದು ಹಾಕಿಸಿದರು.

ಮಾರನೆಯ ದಿನ ಗಾಡಿ ಓಡಿಸುತ್ತ ನರ್ಸು ಹೇಳಿದ್ದಳು: "ನಮ್ಮ ವಾರ್ಡಿಗೆ ಒಬ್ಬರನ್ನ ತಂದಿದ್ದಾರೆ ಸರ್. ಬೀಗ ರಿಪೇರಿಯವರು. ಸೈಕಲ್‌ನಲ್ಲಿ ಹೋಗ್ತಿದ್ರಂತೆ, ಬಣ್ಣದ ಕಾರ್ಖಾನೆ ಹತ್ರ ಯಾರೋ ಗುದ್ದಿ ಹೋಗಿದ್ದಾರೆ. ತಡಿಕೆ ಸಂದಿಯಿಂದ ಚರಂಡಿ ಗುಂಡಿಗೆ ಬಿದ್ದಿದ್ರು. ಒಂದು ಗಂಟೆ ಹೊತ್ತು ಯಾರೂ ನೋಡಿಲ್ಲ."

"ಗುದ್ದಿದವನು ನಿಲ್ಲಿಸ್ಲೇ ಇಲ್ವಾ?"

"ಇಲ್ಲ ಸರ್."

"ಅಂಥವನಿಗೆ ಲೈಸೆನ್ಸ್ ಕೊಟ್ಟವನ ಕೈ ಕತ್ತರಿಸ್ಬೇಕು," ಎಂದಿದ್ದರು ಕ್ಲಚ್ ಮೇಷ್ಟ್ರು. ಆಮೇಲೆ ದಿನಾ ಬೆಳಿಗ್ಗೆ ಅವರೇ ಕೇಳುತ್ತಿದ್ದರು, ಆ ಬೀಗದವರು ಹೇಗಿದ್ದಾರಮ್ಮಾ ಅಂತ. ಪ್ರಜ್ಞೆ ಬಂದಿಲ್ಲ ಸರ್. ಇವತ್ತೂ ಬಂದಿಲ್ಲ ಸರ್. ಹೆಂಡತಿ ಬಂದು ಪಕ್ಕದಲ್ಲೇ ಕೂತಿರ್ತಾರೆ ಸರ್. ಒಂಬತ್ತನೇ ದಿನ ನರ್ಸು ಗೇರು ಹಾಕುತ್ತ, ನಿನ್ನೆ ಸಂಜೆ ಹೋಗಿಬಿಟ್ರು ಸರ್ ಎಂದಳು. ಮೇಷ್ಟ್ರು ಲೊಚಗುಟ್ಟಿ, ಛೆ, ಪಾಪ ಎಂದಿದ್ದರು.

ಮನೆಯಲ್ಲಿ ಅವರು ಇದನ್ನು ಹೇಳಿದಾಗ ಹೆಂಡತಿ, ಮಗಳು, ಅಳಿಯ ಮೂವರೂ ಇದ್ದರು. ಮಗು ಒಳಗೆ ಮಲಗಿತ್ತು. ಹೇಳಿ ಮುಗಿಸುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮೊದಲು ಮಾತಾಡಿದವಳು ಮಗಳು. "ಅದು ನೀನೇ ಅಂತ ಹೇಗೆ ಹೇಳ್ತೀಯ? ತಗಡೇ ತಾಗಿರಬಹುದು."

"ಇರಬಹುದು."

"ಮತ್ತೆ? ಬಾಯಿ ಬಿಡಬೇಡ ಅಪ್ಪ. ನಿನಗೆ ಕಾಣ್ಲೇ ಇಲ್ಲ. ಕಾಣದೆ ಆದದ್ದಕ್ಕೆ ನೀನು ಏನು ಮಾಡೋಕಾಗುತ್ತೆ? ಜೈಲಲ್ಲಿ ಕೂತ್ರೆ ಅವರು ಎದ್ದು ಬರ್ತಾರಾ?"

ಅಳಿಯ ಒಳ್ಳೆಯವನೇ. ಮಾವನನ್ನು ಅಪ್ಪನಷ್ಟೇ ನೋಡಿಕೊಂಡವನು. ನೆಲ ನೋಡುತ್ತ ಹೇಳಿದ: "ನಾಳೆ ಹೋಗಿ ಟಾಪ್ ಮಾಡೆಲ್ ಬುಕ್ ಮಾಡಿ, ಹಳೇದನ್ನ ಕೊಟ್ಟುಬಿಡೋಣ ಮಾವ. ಅವರು ಡೊಂಕು ತೆಗೆಸಿ, ಬಣ್ಣ ಹೊಡೆಸಿ, ಬೇರೆ ಊರಿಗೆ ಮಾರ್ತಾರೆ. ಅಲ್ಲಿಗೆ ಮುಗೀತು."

ಬೇಸಾ ಮಿಡ್ಲಾ ಟಾಪಾ ಅಂತ ಒಂದು ವಾರದಿಂದ ನಡೆದಿದ್ದ ಚರ್ಚೆ ಹೀಗೆ ಬಗೆಹರಿಯಿತು. ಯಾರೂ ಬೇಡ ಅನ್ನಲಿಲ್ಲ. ಹೆಂಡತಿ ಬಾಬಿನ್ನಿಗೆ ದಾರ ಸುತ್ತುತ್ತ ಕೂತಿದ್ದಳು. ಮಗಳು, ಅಳಿಯ ಹೊರಟುಹೋದ ಮೇಲೆ ಗಂಡನನ್ನು ಕೇಳಿದಳು:

"ಆ ಬೀಗದವರ ಹೆಂಡ್ತಿಗೆ ಗುದ್ದಿದ್ದು ಯಾರು ಅಂತ ಗೊತ್ತಾ?"

"ಇಲ್ಲ. ಪೊಲೀಸರಿಗೇ ಗೊತ್ತಾಗಿಲ್ಲ."

"ಹಾಗಾದ್ರೆ ಬೀದೀಲಿ ಹೋಗೋ ಒಂದೊಂದು ಕಾರನ್ನೂ ನೋಡ್ತಿರ್ತಾಳೆ ಪಾಪ."

ಅಷ್ಟೇ ಹೇಳಿ ಮತ್ತೆ ದಾರ ಸುತ್ತಿದಳು. ಮೇಷ್ಟ್ರಿಗೆ ಅವಳು ಎರಡು ಏಟು ಹೊಡೆದಿದ್ದರೆ ವಾಸಿಯಿತ್ತು.

ಮರುದಿನ ಹಳೇ ಗಾಡಿಯನ್ನು ಅಳಿಯ ಓಡಿಸಿಕೊಂಡು ಬಂದ. ಶೋರೂಮಿನ ದುಂಡು ಮೇಜಿನ ಸುತ್ತ ಮೇಷ್ಟ್ರು, ಮಗಳು, ಅಳಿಯ ಕೂತರು. ಮಾರಾಟದ ಹೆಂಗಸು ಕಾಗದಗಳನ್ನು ಹರಡಿ, ಬಣ್ಣ ಯಾವುದು, ಸೀಟಿನ ಕವರ್ ಬೇಕಾ, ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡಳು. ಅಳಿಯ ಉತ್ತರ ಕೊಟ್ಟ. ಬೂದು ಬಣ್ಣ ಎಂದ. ಬಿಳಿ ಬೇಡ ಎಂದ.

"ಹಳೇ ಗಾಡಿ ಬಿಟ್ಟುಕೊಡೋದಕ್ಕೆ ಇಲ್ಲೊಂದು ಸಹಿ ಸರ್."

ಮೇಷ್ಟ್ರು ಪೆನ್ನು ಹಿಡಿದು ಹುಡುಕಿದರು. ಸಹಿಯ ಜಾಗ ಕಾಣಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಗಳು ಅವರ ಮಣಿಕಟ್ಟು ಹಿಡಿದು ಮೆಲ್ಲಗೆ ಎಡಕ್ಕೆ ಸರಿಸಿ ಗೆರೆಯ ಮೇಲೆ ತಂದು ಬಿಟ್ಟಳು. ಅವಳ ಬೆರಳು ತಣ್ಣಗಿತ್ತು. ಹದಿನೆಂಟನೇ ವಯಸ್ಸಿಗೆ ಇದೇ ಹುಡುಗಿಯ ಕೈಯನ್ನು ಗೇರಿನ ಮೇಲಿಟ್ಟು, ಒತ್ತಬೇಡ, ಕೇಳಿಸಿಕೋ, ಎಂಜಿನ್ನು ತಾನೇ ಹೇಳುತ್ತೆ ಅಂತ ಕಲಿಸಿದ್ದರು. ಮೇಷ್ಟ್ರು ಪೆನ್ನನ್ನು ಮೇಜಿನ ಮೇಲಿಟ್ಟರು.

"ಆ ಗಾಡೀನ ಯಾರೂ ಮುಟ್ಟಬೇಡಿ ಅಂತ ಹೇಳಮ್ಮಾ," ಎಂದರು ಮಾರಾಟದ ಹೆಂಗಸಿಗೆ. "ತೊಳೀಬೇಡಿ. ಪೊಲೀಸರು ಬಂದು ತಗೊಂಡು ಹೋಗ್ತಾರೆ."

"ಅಪ್ಪಾ, ಕೂತ್ಕೋ."

"ಮಗಳೇ, ನನ್ನನ್ನ ಸ್ಟೇಷನ್ನಿಗೆ ಬಿಡ್ತೀಯಾ?"

"ಬಿಡಲ್ಲ," ಎಂದಳು ಅವಳು. ಕಣ್ಣಲ್ಲಿ ನೀರಿರಲಿಲ್ಲ. ಸಿಟ್ಟಿತ್ತು. "ನೀನು ಹೋದ್ರೆ ಒಬ್ಬನೇ ಹೋಗು. ನನ್ನ ಮಗಳಿಗೆ ತಾತ ಎಲ್ಲಿ ಅಂದ್ರೆ ನಾನು ಏನು ಹೇಳ್ಲಿ? ಅದನ್ನೂ ಹೇಳಿ ಹೋಗು."

ಮೇಷ್ಟ್ರು ಎದ್ದರು. ಹೊರಬಾಗಿಲಲ್ಲಿ ಎಡ ಭುಜ ಗಾಜಿಗೆ ತಾಗಿತು. ಎರಡು ಬೀದಿಯನ್ನು ಗೋಡೆ ಹಿಡಿದುಕೊಂಡು, ದಾಟುವ ಕಡೆಯೆಲ್ಲ ಇಡೀ ಮೈಯನ್ನೇ ಎಡಕ್ಕೆ ತಿರುಗಿಸಿ ನೋಡಿ ದಾಟಿದರು.

ಠಾಣೆಯಲ್ಲಿ ಬರೆಯುವ ಮೇಜಿನ ಹಿಂದೆ ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ಇವರನ್ನು ಕಂಡದ್ದೇ ಎದ್ದು ನಿಂತ. "ಮೇಷ್ಟ್ರೇ! ಬನ್ನಿ ಬನ್ನಿ. ಹನ್ನೆರಡು ವರ್ಷದ ಹಿಂದೆ ನಿಮ್ಮ ಹತ್ರ ಕಲ್ತವನು ನಾನು. ನೆನಪಿದೆಯಾ? ಏರಿನಲ್ಲಿ ಗಾಡಿ ಹಿಂದೆ ಬಿಟ್ಟು ನಿಮ್ಮ ಕೈಲಿ ಮಂಗಳಾರತಿ ಮಾಡಿಸ್ಕೊಂಡಿದ್ದೆ!" ಕುರ್ಚಿ ಎಳೆದ. ಟೀ ತರಿಸಿದ.

ಮೇಷ್ಟ್ರು ಡಾಕ್ಟರ ಕಾಗದ ಅವನ ಮುಂದಿಟ್ಟು ಎಲ್ಲವನ್ನೂ ಹೇಳಿದರು. ತಾರೀಖು, ಹೊತ್ತು, ರಸ್ತೆ, ಕನ್ನಡಿ ಹಾಕಿಸಿದ ಅಂಗಡಿ. ಹೆಡ್ ಕಾನ್‌ಸ್ಟೇಬಲ್ ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಮೇಷ್ಟ್ರೇ, ಇದನ್ನ ನಾನು ಕೇಳಿಲ್ಲ ಅಂದ್ಕೊಳ್ಳಿ. ಆ ಕೇಸು ತಣ್ಣಗಾಗಿದೆ. ನಿಮಗೆ ಕಾಯಿಲೆ. ಕಾಣ್ಲಿಲ್ಲ. ಕಾಣದೆ ಇದ್ರೆ ತಪ್ಪು ಹೇಗಾಗುತ್ತೆ?"

"ಕೇಳಿಸಿತ್ತಲ್ಲಪ್ಪ."

"ತಗಡು ಅಂದ್ಕೊಂಡ್ರಿ."

"ಅಂದ್ಕೊಂಡೆ. ಇಳಿದು ನೋಡಿದ್ರೆ ಒಂದು ನಿಮಿಷ ಆಗ್ತಿತ್ತು. ಹತ್ತು ನಿಮಿಷ ತಡ ಆಗಿದ್ದೆ, ಹನ್ನೊಂದು ಆಗ್ತಿತ್ತು. ಮಾರನೇ ದಿನ ನರ್ಸು ಹೇಳಿದಾಗ ಒಂದು ಸಲ, ಒಂದೇ ಸಲ, ನನ್ನ ಕನ್ನಡಿ ನೆನಪಾಯ್ತು. ಥೂ, ಇರಲ್ಲ, ನಾನು ರಸ್ತೆ ನೋಡ್ತಾನೇ ಇದ್ನಲ್ಲ, ಯಾರೂ ಇರ್ಲಿಲ್ಲ ಅಂತ ತಳ್ಳಿಬಿಟ್ಟೆ. ಅಂಥವನ ಕೈ ಕತ್ತರಿಸ್ಬೇಕು ಅಂತ ಅವಳಿಗೆ ಪಾಠ ಹೇಳ್ದೆ." ಮೇಷ್ಟ್ರು ಡಾಕ್ಟರ ಕಾಗದವನ್ನು ಅವನ ಕಡೆ ಇನ್ನಷ್ಟು ಸರಿಸಿದರು. "ಬರ್ಕೋ ಮಾರಾಯ. ನಾನು ಇನ್ನೊಂದು ಸಲ ಎದ್ದು ಬರೋಕೆ ಧೈರ್ಯ ಸಾಲಲ್ಲ."

ಹೆಡ್ ಕಾನ್‌ಸ್ಟೇಬಲ್ ಮುಚ್ಚಳ ತೆಗೆದು ಬರೆದುಕೊಂಡ.

ಗುಂಡಿಯ ಹತ್ತಿರ ಹೆಕ್ಕಿ ಇಟ್ಟಿದ್ದ ಕನ್ನಡಿಯ ಚೂರುಗಳೂ ಗಾಡಿಯ ಬಾಗಿಲ ಮೇಲಿದ್ದ ಸೈಕಲ್ಲಿನ ಹಸಿರು ಬಣ್ಣವೂ ತಾಳೆಯಾದವು. ತಗಡಿರಬಹುದು ಅನ್ನುವ ಮಾತು ಅಲ್ಲಿಗೆ ಹೋಯಿತು. ಗುದ್ದಿದ್ದಕ್ಕೆ ಕೋರ್ಟು ಡಾಕ್ಟರ ಮಾತನ್ನು ಒಪ್ಪಿತು. ನಿಲ್ಲಿಸದೆ ಹೋದದ್ದಕ್ಕೆ ಒಪ್ಪಲಿಲ್ಲ. ಲೈಸೆನ್ಸು ರದ್ದಾಯಿತು, ನಾಲ್ಕು ತಿಂಗಳು ಜೈಲಾಯಿತು. ಬೀಗದವನ ಹೆಂಡತಿ ಕೋರ್ಟಿಗೆ ಬಂದದ್ದು ಒಂದೇ ಸಲ. ಗೋಧಿ ಬಣ್ಣದ, ಕೃಶವಾದ ಹೆಂಗಸು. ಮೇಷ್ಟ್ರನ್ನು ಒಮ್ಮೆ ದಿಟ್ಟಿಸಿ ನೋಡಿ, ಆಮೇಲೆ ಗೋಡೆ ನೋಡುತ್ತ ಕೂತಳು.

ಜೈಲಿಗೆ ನೋಡಲು ಬರುತ್ತಿದ್ದವಳು ಹೆಂಡತಿಯೊಬ್ಬಳೇ. ಎರಡನೇ ತಿಂಗಳಲ್ಲಿ ಒಮ್ಮೆ ಹೇಳಿದಳು: "ಮಗಳೂ ಅಳಿಯಂದ್ರೂ ಕಾರು ತಗೊಂಡ್ರು."

"ಯಾವುದು?"

"ಟಾಪೇ. ಸಾಲ ಮಾಡಿ." ಸ್ವಲ್ಪ ಹೊತ್ತು ಬಿಟ್ಟು, "ಓಡಿಸೋದು ಅಳಿಯಂದ್ರು ಮಾತ್ರ. ಅವಳು ಸ್ಟೀರಿಂಗ್ ಮುಟ್ಟಲ್ಲ. ಒಂದು ದಿನ ಹೊರಟವಳು ಬೀದಿ ಕೊನೆಗೆ ಹೋಗಿ ಗಾಡಿ ಅಲ್ಲೇ ಬಿಟ್ಟು ನಡ್ಕೊಂಡು ವಾಪಸ್ ಬಂದುಬಿಟ್ಳಂತೆ."

ಮೇಷ್ಟ್ರು ಕಲಿಸಿದ ಸಾವಿರಾರು ಜನರಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡಿಸುತ್ತಿದ್ದವಳು ಅವಳು.

"ನನ್ನ ಬಗ್ಗೆ ಕೇಳ್ತಾಳಾ?"

"ಸುಳ್ಳು ಹೇಳ್ಲಾ, ನಿಜ ಹೇಳ್ಲಾ?"

"ಬಿಡು," ಎಂದರು ಮೇಷ್ಟ್ರು.

ಬಿಡುಗಡೆಯಾದ ದಿನ ಹೆಂಡತಿ ಎಡಗಡೆ ನಿಂತು ತೋಳು ಹಿಡಿದುಕೊಂಡಳು. ಇಬ್ಬರೂ ಬಸ್ಸಿನಲ್ಲಿ ಮನೆಗೆ ಬಂದರು. ಮಗಳು ಬರಬೇಡ ಅಂತ ಹೇಳಿಕಳಿಸಿರಲಿಲ್ಲ. ಬಾ ಅಂತಲೂ ಹೇಳಿಕಳಿಸಿರಲಿಲ್ಲ.

ನಾಲ್ಕು ದಿನ ಕಳೆದು ಮೇಷ್ಟ್ರು ಬೀಗದವನ ಮನೆ ಹುಡುಕಿಕೊಂಡು ಹೋದರು. ಹೆಂಡತಿ ಬೀದಿಯ ತುದಿಯವರೆಗೆ ಬಂದು, ಅಲ್ಲೇ ನಿಂತಳು. ಒಂದೇ ಕೋಣೆಯ ಮನೆ. ಕೋಣೆಯ ಮುಂಭಾಗವೇ ಅಂಗಡಿಯಾಗಿದ್ದದ್ದು. ಷಟರು ಅರ್ಧ ಎಳೆದಿತ್ತು. ಗೋಡೆಯ ಮೊಳೆಗಳಲ್ಲಿ ಇನ್ನೂ ಕೊರೆಯದ ಬೀಗದ ಕೈಗಳು ಸಾಲಾಗಿ ತೂಗುತ್ತಿದ್ದವು. ಒಳಗೆ ನೆಲದ ಮೇಲೆ ಕೂತು ಅವಳು ಯಾವುದೋ ಕಾರ್ಖಾನೆಯ ಅಂಗಿ ಗುಂಡಿಗಳನ್ನು ರಟ್ಟಿಗೆ ಹೊಲಿಯುತ್ತಿದ್ದಳು. ತಲೆಯೆತ್ತಿ ನೋಡಿದಳು. ಗುರುತು ಹಿಡಿದಳು. ಕೂತ್ಕೊಳ್ಳಿ ಅನ್ನಲಿಲ್ಲ.

"ಕ್ಷಮೆ ಕೇಳೋಕೆ ಬಂದೆ ಅಂತ ಹೇಳೋಕೂ ಬಾಯಿ ಬರಲ್ಲ ತಾಯಿ," ಎಂದರು ಮೇಷ್ಟ್ರು, ಷಟರಿನ ಅಂಚು ಹಿಡಿದುಕೊಂಡು.

ಅವಳು ದಾರ ಕಡಿದು ಸೂಜಿಯನ್ನು ರಟ್ಟಿಗೆ ಚುಚ್ಚಿಟ್ಟಳು. "ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಕೋರ್ಟಲ್ಲಿ ಯಾರೂ ಕೇಳ್ಲಿಲ್ಲ."

"ಕೇಳಿ."

"ಒಂಬತ್ತು ದಿನಾನೂ ಅವರು ಕಣ್ಣು ಬಿಡ್ಲಿಲ್ಲ. ಏನೂ ಮಾತಾಡ್ಲಿಲ್ಲ. ಬಿದ್ದಾಗ ಕೂಗಿದ್ರಾ? ಏನಾದ್ರೂ ಅಂದ್ರಾ?" ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಅಲ್ಲಿದ್ದವರು ನೀವೊಬ್ಬರೇ."

ಮೇಷ್ಟ್ರಿಗೆ ಒಂದು ಕ್ಷಣ, ಇಲ್ಲ ತಾಯಿ, ಕೂಗಲೇ ಇಲ್ಲ, ಒಂದೇ ಏಟಿಗೆ ಪ್ರಜ್ಞೆ ಹೋಗಿರಬೇಕು, ನೋವೇ ಗೊತ್ತಾಗಿರಲ್ಲ ಅಂತ ಹೇಳಿಬಿಡಬೇಕು ಅನ್ನಿಸಿತು. ನಾಲಿಗೆಯ ತುದಿಯವರೆಗೆ ಬಂದಿತ್ತು.

"ಗೊತ್ತಿಲ್ಲ," ಎಂದರು. "ಸದ್ದು ಒಂದೇ ಕೇಳಿಸಿದ್ದು. ಕಿಟಕಿ ಏರಿಸಿದ್ದೆ. ರೇಡಿಯೋ ಹಾಕ್ಕೊಂಡಿದ್ದೆ. ಅವರು ಕೂಗಿದ್ರೂ ನನಗೆ ಕೇಳಿಸ್ತಿರ್ಲಿಲ್ಲ."

ಹೊರಗೆ ಬೀದಿಯಲ್ಲಿ ಯಾರೋ ನಲ್ಲಿಯ ಕೆಳಗೆ ಬಕೆಟ್ಟು ಇಟ್ಟ ಸದ್ದಾಯಿತು.

"ಸರಿ," ಎಂದಳು ಕೊನೆಗೆ. ಸೂಜಿ ಎತ್ತಿಕೊಂಡಳು. "ಹೋಗಿ."

ಮನೆಗೆ ಬಂದವರನ್ನು ಕಳಿಸುವಾಗ ಯಾರಾದರೂ ಹೋಗಿ ಬನ್ನಿ ಅನ್ನುತ್ತಾರೆ. ಅವಳು ಹೋಗಿ ಅಂತಷ್ಟೇ ಅಂದಳು. ಮೇಷ್ಟ್ರು ತಲೆ ಬಗ್ಗಿಸಿ ಷಟರಿನ ಕೆಳಗಿಂದ ಹೊರಗೆ ಬಂದರು. ಬೀದಿಯ ತುದಿಯಲ್ಲಿ ಹೆಂಡತಿ ನಿಂತಿದ್ದಾಳೆ ಅಂತ ಗೊತ್ತಿತ್ತು. ಯಾವ ತುದಿ ಅನ್ನುವುದು ಮರೆತುಹೋಗಿತ್ತು. ಅವಳೇ ಬಂದು ಕೈ ಹಿಡಿಯುವವರೆಗೂ ಅಲ್ಲೇ ನಿಂತಿದ್ದರು.